ಹದಿನಾಲ್ಕು ತಟ್ಟೆಯಲ್ಲೂ ತೊಂಬತ್ತಾರು

ನನಗೆ ಒಪ್ಪಿಸಿದ ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಕೆಸರೆಯಲ್ಲಿ ಒಂದು ಊದುಬತ್ತಿ ಶೆಡ್ಡು. ಅಲ್ಲಿ ಹದಿನಾಲ್ಕು ಹೆಂಗಸರು ತಮ್ಮದೇ ಒಂದು ಸಣ್ಣ ಸಂಘ ಮಾಡಿಕೊಂಡು ನಮ್ಮ ಕಂಪನಿಗೆ ಕೈಯಲ್ಲಿ ಬತ್ತಿ ಹೊಸೆದು ಕೊಡುತ್ತಾರೆ. ಅವರಲ್ಲಿ ಚುರುಕಾದ ಹತ್ತು ಜನರನ್ನು ನಾನು ಆರಿಸಬೇಕು. ಆ ಹತ್ತು ಜನಕ್ಕೆ ಕಂಪನಿಯ ಕಾರ್ಖಾನೆಯೊಳಗೆ ಖಾಯಂ ಕೆಲಸ, ಪಿ.ಎಫ್., ಇ.ಎಸ್.ಐ. ಕಾರ್ಡು. ಉಳಿದ ನಾಲ್ಕು ಜನ ಮನೆಗೆ. ಶೆಡ್ಡಿಗೆ ಇನ್ನು ಮುಂದೆ ನಮ್ಮ ಆರ್ಡರು ಹೋಗುವುದಿಲ್ಲ, ಬೇರೆಯವರ ಆರ್ಡರು ಅವರಿಗೆ ಇಲ್ಲ. ಅಂದರೆ ಶೆಡ್ಡಿಗೆ ಬೀಗ ಹಾಕಿದ ಹಾಗೆಯೇ.

ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆಯುವುದು ನನ್ನ ಕಸುಬು. ಲಷ್ಕರ್ ಮೊಹಲ್ಲಾದ ಆಫೀಸಿನಲ್ಲಿ ಮ್ಯಾನೇಜರು ಒಂದು ಫಾರಂ ಕೊಟ್ಟರು. ಹದಿನಾಲ್ಕು ಸಾಲು, ಪ್ರತಿ ಸಾಲಿನಲ್ಲಿ ಹೆಸರು, ಹದಿನೈದು ನಿಮಿಷಕ್ಕೆ ಹೊಸೆದ ಕಡ್ಡಿಗಳು, ಕೊನೆಗೆ ಸರಾಸರಿ.

"ಎರಡು ವಾರ ತಗೊಳ್ಳಿ. ಕೆಳಗಿನ ನಾಲ್ಕು ಹೆಸರಿಗೆ ಗೀಟು ಎಳೀರಿ. ಯಾರ ಮುಖಾನೂ ನೋಡ್ಬೇಡಿ, ಗಡಿಯಾರ ನೋಡಿ" ಎಂದರು.

ಆ ಮಾತು ನನಗೆ ಹಿತವಾಯಿತು. ಮುಖ ನೋಡಿ ಮಣೆ ಹಾಕುವ ಜನರ ನಡುವೆ ಗಡಿಯಾರವೊಂದೇ ನ್ಯಾಯವಂತ ಎಂದು ನಂಬಿದ್ದವಳು ನಾನು. ಈ ನಂಬಿಕೆಗೆ ಒಂದು ಹಿನ್ನೆಲೆ ಇದೆ. ನಮ್ಮ ತಂದೆ ಗಿರಣಿ ಕಾರ್ಮಿಕರಾಗಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮುಷ್ಕರದಲ್ಲಿ ಗೇಟಿನ ಬಳಿ ಕಲ್ಲು ಹಾರಿ ಗುಮಾಸ್ತರೊಬ್ಬರ ಕಣ್ಣು ಹೋಯಿತು. ಕಲ್ಲು ಎಸೆದವರು ಅಪ್ಪನಲ್ಲ. ಆದರೆ ಆ ಗುಂಪಿನಲ್ಲಿ ಅವರೂ ಕೂಗುತ್ತಿದ್ದರು. "ಎಲ್ಲರೂ ಸಮ ಆಗ್ಬೇಕು ಅಂತ ಹೋದ್ವಿ, ಒಬ್ಬನ ಕಣ್ಣು ತಗೊಂಡು ಬಂದ್ವಿ" ಎಂದು ಒಂದೇ ಒಂದು ಸಲ ಹೇಳಿದ್ದರು. ಅಗ್ರಹಾರದ ನಮ್ಮ ಮನೆಯಲ್ಲಿ ಆಮೇಲೆ ಸಮಾಜವಾದ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ. ನಾನು ಅದನ್ನು ಕಾಲೇಜಿನಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಓದಿ ಮರೆತೆ.

ಶೆಡ್ಡಿಗೆ ಸಿಮೆಂಟು ಶೀಟಿನ ಮಾಡು, ಪಕ್ಕದಲ್ಲಿ ಬತ್ತಿ ಒಣಗಿಸುವ ತಾರಸಿ. ಒಳಗೆ ಎದುರುಬದುರು ಎರಡು ಸಾಲು, ಸಾಲಿಗೆ ಏಳು ಮಣೆ. ಗೋಡೆಯ ಮೇಲೆ ಒಂದು ಬುದ್ಧನ ಪಟ, ಅದರ ಮಗ್ಗುಲಲ್ಲೇ ಯಾವುದೋ ಮಠದ ಕ್ಯಾಲೆಂಡರು. ಹೆಂಗಸರಲ್ಲಿ ಎರಡೂ ಕಡೆಯವರಿದ್ದರು. ಈ ಸಂಘ ಕಟ್ಟಿಕೊಟ್ಟವರು ತಮ್ಮನ್ನು ಸೋಷಲಿಸ್ಟ್ ಎಂದು ಕರೆದುಕೊಳ್ಳುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರಂತೆ. ಅವರು ತೀರಿಹೋಗಿ ಬಹಳ ವರ್ಷವಾಗಿದೆ. ಅವರ ಪಟ ಇರಲಿಲ್ಲ; ಹಾಕಬಾರದೆಂದು ಅವರೇ ಹೇಳಿದ್ದರಂತೆ.

ಮೊದಲ ದಿನ ಹಾಜರಿ ಪುಸ್ತಕ ತೆರೆದೆ. ಪುಟದ ತುಂಬ ಹೆಬ್ಬೆಟ್ಟಿನ ಗುರುತು, ಒಂದು ಸಹಿಯೂ ಇಲ್ಲ. ಅಯ್ಯೋ ಪಾಪ, ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಅಕ್ಷರ ಬರುವುದಿಲ್ಲವಲ್ಲ ಎಂದುಕೊಂಡೆ. ಹತ್ತು ನಿಮಿಷದ ಮೇಲೆ ನೋಡಿದರೆ, ಎಲ್ಲರೂ 'ಲೀಡ್ರಮ್ಮ' ಎಂದು ಕರೆಯುವ, ಹಣೆಗೆ ವಿಭೂತಿ ಇಟ್ಟ ಐವತ್ತರ ಹೆಂಗಸು ಕನ್ನಡಕ ಏರಿಸಿ ದಿನಪತ್ರಿಕೆ ಓದುತ್ತಿದ್ದರು! ಕೇಳಿದೆ.

"ನಮ್ಮ ಹಿರಿಯಮ್ಮಂಗೆ ಸಹಿ ಬರಲ್ಲ, ಇನ್ನೂ ಇಬ್ಬರಿಗೆ ಬರಲ್ಲ" ಎಂದು ಬಾಗಿಲ ಬಳಿಯ ಮಣೆಯತ್ತ ಕಣ್ಣಲ್ಲೇ ತೋರಿಸಿದರು. "ಒಬ್ಬರು ಹೆಬ್ಬೆಟ್ಟು ಒತ್ತಿದ್ರೆ ಎಲ್ಲರೂ ಹೆಬ್ಬೆಟ್ಟೇ. ಮೇಷ್ಟ್ರ ಕಾಲದಿಂದ್ಲೂ ಅಂಗೇಯ."

ನನಗೆ ಅದು ಚಂದದ ಹಳೆಯ ಸಂಪ್ರದಾಯವೆನಿಸಿತು. ನಕ್ಕು ಮುಂದೆ ಹೋದೆ. ಆ ಪುಸ್ತಕದಲ್ಲೇ ಇಡೀ ಶೆಡ್ಡು ಇತ್ತು ಎಂಬುದು ಹೊಳೆಯಲಿಲ್ಲ.

ಇಲ್ಲಿ ಹೊಸೆಯುವುದು ಸಾಧಾರಣ ಬತ್ತಿಯಲ್ಲ. ಇದ್ದಿಲ ಪುಡಿ, ಗಂಧದ ಪುಡಿ, ಅಂಟಿಗೆ ಜಿಗಟು ತೊಗಟೆಯ ಪುಡಿ, ಇವುಗಳ ಜೊತೆಗೆ ಹಾಲುಮಡ್ಡಿ ಎಂಬ ಮರದ ಅಂಟು ಮತ್ತು ಜೇನು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದುತ್ತಾರೆ. ಹಾಲುಮಡ್ಡಿ ಗಾಳಿಯ ತೇವ ಎಳೆದುಕೊಳ್ಳುವ ವಸ್ತು. ಯಂತ್ರಕ್ಕೆ ಹಾಕಿದರೆ ಅದರ ಮೂತಿಗೇ ಕಚ್ಚಿಕೊಂಡು ಕೂರುತ್ತದೆ. ಹಾಗಾಗಿ ಕಂಪನಿಗೆ ಇನ್ನೂ ಈ ಕೈಗಳ ಅಗತ್ಯ ಇತ್ತು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಚಿವುಟಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಒತ್ತಿ, ಅಂಗೈಯಿಂದ ಒಂದು ಉರುಳು, ಎರಡು ಉರುಳು. ತುದಿಯಲ್ಲಿ ಮೂರು ಬೆರಳಗಲ ಬರಿಯ ಕಡ್ಡಿ ಉಳಿಯಬೇಕು. ಒಣ ಪುಡಿಯಲ್ಲಿ ಹೊರಳಿಸಿ ತಟ್ಟೆಗೆ.

ಸಾಲಿನ ಮಧ್ಯದಲ್ಲಿ ಕೂರುತ್ತಿದ್ದ ಇಪ್ಪತ್ತೆಂಟರ ಹೆಂಗಸಿನ ಕೈ ನೋಡಿ ನಾನು ಗಡಿಯಾರ ಒತ್ತುವುದನ್ನೇ ಮರೆತೆ. ಅವಳ ಕೈಯಲ್ಲಿ ಉಂಡೆ ಕಾಣುತ್ತಲೇ ಇರಲಿಲ್ಲ, ಬತ್ತಿ ಮಾತ್ರ ಕಾಣುತ್ತಿತ್ತು. ಬಾಗಿಲ ಬಳಿಯ ಹಿರಿಯಮ್ಮನದು ಬೇರೆ ಕಥೆ. ಎಪ್ಪತ್ತರ ಹತ್ತಿರದ ವಯಸ್ಸು; ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡು ಮಡಚುತ್ತಿರಲಿಲ್ಲ. ಅಂಗೈಯ ಅಂಚಿನಿಂದ ಉರುಳಿಸುತ್ತಿದ್ದರು. ಒಂದು ಬತ್ತಿ ಮುಗಿಸಿ, ಕೈ ಕೊಡವಿ, ಇನ್ನೊಂದಕ್ಕೆ ತೊಡಗುತ್ತಿದ್ದರು. ಕೆಳಗಿನ ನಾಲ್ಕರಲ್ಲಿ ಒಂದು ಹೆಸರು ಗಡಿಯಾರ ಒತ್ತುವ ಮೊದಲೇ ನನಗೆ ಸಿಕ್ಕಿಬಿಟ್ಟಿತ್ತು.

ನನ್ನ ಕ್ರಮ ಹೀಗಿತ್ತು: ತಟ್ಟೆಗಳ ಬೆನ್ನಿಗೆ ಸೀಮೆಸುಣ್ಣದಿಂದ ಒಂದರಿಂದ ಹದಿನಾಲ್ಕು. ಹದಿನೈದು ನಿಮಿಷ ಆದ ತಕ್ಷಣ ಎಲ್ಲರೂ ಕೈ ಎತ್ತಬೇಕು. "ಹಸಿ ಬತ್ತಿ ಮುಟ್ಟಿದ್ರೆ ಒಂದಕ್ಕೊಂದು ಅಂಟ್ಕೊಳ್ತವೆ ಮೇಡಮ್ನೋರೆ. ಒಂದು ಗಂಟೆ ಬಿಸಿಲಲ್ಲಿ ಆರ್ಲಿ, ಆಮೇಲೆ ಎಣಿಸಿ" ಎಂದರು ಲೀಡ್ರಮ್ಮ. ಅದು ನಿಜವಾದ ಮಾತೇ. ತಟ್ಟೆಗಳು ತಾರಸಿಗೆ ಹೋದವು. ಆರಿದ ಮೇಲೆ ನಾನೇ ಕೂತು ಇಪ್ಪತ್ತಿಪ್ಪತ್ತಾಗಿ ಎಣಿಸಿದೆ.

ಒಂದನೇ ತಟ್ಟೆ, ತೊಂಬತ್ತಾರು. ಎರಡನೆಯದು ತೊಂಬತ್ತಾರು. ಮೂರನೆಯದೂ ತೊಂಬತ್ತಾರು. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ಎಣಿಕೆಯ ಮೇಲೆ ನನಗೇ ಅನುಮಾನ ಬಂತು. ಹದಿನಾಲ್ಕೂ ಮುಗಿಸಿದೆ. ಹದಿನಾಲ್ಕು ತಟ್ಟೆಯಲ್ಲೂ ತೊಂಬತ್ತಾರು. ಬಿಸಿಲಿಗೆ ತಲೆ ತಿರುಗಿದೆಯೇನೋ ಎಂದು ನೀರು ಕುಡಿದು ಮತ್ತೆ ಎಣಿಸಿದೆ. ಅಷ್ಟೇ ಬಂತು. ಮರುದಿನ ಹದಿನಾಲ್ಕರಲ್ಲೂ ತೊಂಬತ್ತಮೂರು.

ಮೂರನೆಯ ದಿನ ನಾನು ಜಾಣೆಯಾದೆ. ಸಾಲಿನ ನಡುವೆ ಅಡ್ಡಾಡುವ ನೆವದಲ್ಲಿ, ತಟ್ಟೆಗಳು ಮಣೆಯ ಪಕ್ಕದಲ್ಲಿರುವಾಗಲೇ, ಮುಟ್ಟದೆ ಕಣ್ಣಿನಲ್ಲೇ ಎಣಿಸಿ ಪುಸ್ತಕದ ಹಿಂಪುಟದಲ್ಲಿ ಬರೆದುಕೊಂಡೆ. ಆ ಚುರುಕು ಕೈಯವಳದು ನೂರಾ ಮೂವತ್ತೆಂಟು. ಹಿರಿಯಮ್ಮನದು ನಲವತ್ತನಾಲ್ಕು. ಉಳಿದವರು ನಡುವೆ. ತಟ್ಟೆ ತಾರಸಿಗೆ ಹೋಗಿ ಬಂದ ಮೇಲೆ ನೋಡಿದರೆ, ಮತ್ತೆ ಎಲ್ಲದರಲ್ಲೂ ತೊಂಬತ್ತಾರು.

ನಿಮಗೆ ನಗು ಬರುತ್ತಿರಬೇಕು. ನನಗೂ ಬಂತು. ಸುಳ್ಳು ಲೆಕ್ಕ ಕೊಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಒಂದು ಕಡೆ ನೂರಹತ್ತು, ಇನ್ನೊಂದು ಕಡೆ ತೊಂಬತ್ತೊಂದು ಎಂದು ನಂಬುವ ಹಾಗೆ ಇಡುತ್ತಾರೆ. ಇವರಿಗೆ ಹಂಚುವುದು ಎಂದರೆ ಸಮನಾಗಿ ಹಂಚುವುದು ಎಂದಷ್ಟೇ ಗೊತ್ತು. ಮೋಸ ಮಾಡುವುದಕ್ಕೆ ಕೂತಾಗಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಕಡ್ಡಿ ಹೆಚ್ಚು ಕಡಿಮೆಯಾದರೆ ಯಾರಿಗೋ ಅನ್ಯಾಯವಾಗುತ್ತದೆಂದು ಕೂತು ಎಣಿಸಿ ಸರಿಮಾಡಿದ್ದರು.

ಟೀ ಹೊತ್ತಿಗೆ ಎಲ್ಲರ ಎದುರು ಕೇಳಿಯೇ ಬಿಟ್ಟೆ. "ಹದಿನಾಲ್ಕು ಜನರ ಕೈ ಒಂದೇ ಥರ ಓಡುತ್ತಾ? ಎಲ್ಲರ ತಟ್ಟೇಲೂ ತೊಂಬತ್ತಾರು ಹೇಗೆ ಬಂತು?"

ಬಾಗಿಲ ಬಳಿಯಿಂದ ಹಿರಿಯಮ್ಮನ ದನಿ ಬಂತು.

"ನನ್ ತಟ್ಟೇಲಿ ತೊಂಬತ್ತಾರಾ? ನನ್ ಕೈಲಿ ಐವತ್ತೂ ಆಗಾಕಿಲ್ಲ ಕಣಮ್ಮ!" ಅವರ ಲೋಟ ಕೆಳಗಿಳಿಯಿತು. "ಯಾರ್ ಮಾಡುದ್ರಿ ಇದ್ನ?"

ಚುರುಕು ಕೈಯವಳು ತಲೆ ತಗ್ಗಿಸಿ ಕೈ ಎತ್ತಿದಳು. "ನಾನೇ ಕಣಮ್ಮ. ತಾರಸಿ ಮೇಲೆ."

ಆ ಹತ್ತು ಜನರ ಪಟ್ಟಿಯಲ್ಲಿ ಮೊದಲ ಹೆಸರು ಇವಳದು. ಇವಳಿಗೊಬ್ಬ ಆರು ವರ್ಷದ ಮಗಳಿದ್ದಾಳೆ, ಅವಳಿಗೆ ಉಬ್ಬಸ, ತಿಂಗಳಿಗೆ ಎರಡು ಸಲವಾದರೂ ಆಸ್ಪತ್ರೆ ಎಂದು ಮೊದಲ ದಿನವೇ ಲೀಡ್ರಮ್ಮ ಹೇಳಿದ್ದರು. ಇ.ಎಸ್.ಐ. ಕಾರ್ಡು ಯಾರಿಗಾದರೂ ತುರ್ತಾಗಿ ಬೇಕಿದ್ದರೆ ಅದು ಇವಳಿಗೆ. ತನ್ನ ತಟ್ಟೆಯಿಂದ ನಲವತ್ತೆರಡು ಬತ್ತಿ ತೆಗೆದು ಇನ್ನೊಬ್ಬರ ತಟ್ಟೆಗೆ ಹಾಕಿದ್ದವಳು ಇವಳೇ.

"ಸುಳ್ಳು ಲೆಕ್ಕ ಕೊಟ್ಟು ನನ್ನ ಉಳುಸ್ಕೊಬ್ಯಾಡಿ" ಎಂದರು ಹಿರಿಯಮ್ಮ. ದನಿ ಏರಿರಲಿಲ್ಲ. "ಆ ಮೇಡಮ್ಮಂಗೆ ನಿಜ ಏಳ್ಬುಟ್ಟು ಆಮೇಲೆ ಏನಾದ್ರೂ ಮಾಡ್ಕಳಿ."

ಮೇಷ್ಟ್ರ ಕಾಲದಿಂದ ಅಲ್ಲಿ ಕೂಟಕ್ಕೆ ಒಂದು ಕ್ರಮ ಇದೆಯಂತೆ. ತೀರ್ಮಾನದಿಂದ ಯಾರಿಗೆ ಹೆಚ್ಚು ನಷ್ಟವೋ ಅವರು ಮೊದಲು ಮಾತಾಡಬೇಕು. ಬಹುಮತ ಎಂಬುದಿಲ್ಲ, ಒಬ್ಬರು ಬೇಡ ಎಂದರೆ ಬೇಡ. ಬೇಡ ಎಂದವರನ್ನು ಯಾರೂ ಬಯ್ಯುವ ಹಾಗಿಲ್ಲ, ಮಾತು ಬಿಡುವ ಹಾಗಿಲ್ಲ. ನಾನು ಎದ್ದು ಹೊರಗೆ ಹೋಗಲೇ ಎಂದೆ. "ಕೂತ್ಕೊಳ್ಳಿ, ಕದ್ದು ಮಾತಾಡೋದು ಏನಿದೆ" ಎಂದು ನನಗೂ ಟೀ ಕೊಟ್ಟರು.

ಮೊದಲ ತೀರ್ಮಾನ ಕ್ಷಣದಲ್ಲಿ ಆಯಿತು. ಲೀಡ್ರಮ್ಮ ನನ್ನ ಮುಂದೆ ನಿಂತು, "ತಪ್ಪಾಯ್ತು. ಆ ಮೂರು ದಿನದ ಲೆಕ್ಕ ಹೊಡೆದು ಹಾಕಿ" ಎಂದರು. ಎರಡನೆಯದನ್ನು ಕೇಳಿ ನಾನು ಟೀ ಲೋಟ ಕೆಳಗಿಟ್ಟೆ. "ಇನ್ಮೇಲೆ ತಟ್ಟೆಗೆ ನಂಬರ್ ಬೇಡ. ಒಟ್ಟು ಎಷ್ಟು ಅಂತ ಬೇಕಾದ್ರೆ ಎಣಿಸ್ಕೊಳ್ಳಿ, ಒಂದು ಕಡ್ಡಿ ಮುಚ್ಚಿಡಲ್ಲ. ಯಾರು ಎಷ್ಟು ಅಂತ ಮಾತ್ರ ಕೊಡಲ್ಲ."

"ಹಾಗಾದ್ರೆ ನಾನು ಹತ್ತು ಜನರನ್ನ ಆರಿಸೋದು ಹೇಗೆ? ಕಂಪನಿಯವರು ಆ ಹತ್ತು ಕೆಲಸಾನೂ ಕೊಡದೆ ಶೆಡ್ಡು ಮುಚ್ಚಿಸಿಬಿಟ್ಟರೆ?"

"ಆರಿಸ್ಬೇಡಿ. ಹತ್ತು ಜನಕ್ಕೆ ಆಗೋ ಕೆಲಸ ಇದೆ ತಾನೆ? ಅದನ್ನ ಈ ಶೆಡ್ಡಿಗೇ, ಹದಿನಾಲ್ಕು ಜನಕ್ಕೆ ಕೊಡಿ. ನಾವು ಸರದಿ ಮೇಲೆ ಕೂರ್ತೀವಿ."

"ಖಾಯಂ ಕೆಲಸ ಹೋಗುತ್ತಲ್ರೀ!"

"ಹೋಗುತ್ತೆ" ಎಂದರು ಲೀಡ್ರಮ್ಮ. ಅವರೂ ಆ ಹತ್ತರಲ್ಲಿ ಒಬ್ಬರು. "ಅದಕ್ಕೇ ಎಲ್ಲರೂ ಹೂಂ ಅನ್ಬೇಕು ಅನ್ನೋದು."

ಕ್ರಮದ ಪ್ರಕಾರ ಚುರುಕು ಕೈಯವಳು ಮೊದಲು ಮಾತಾಡಬೇಕು. ಅವಳು ಸೆರಗಿನ ಅಂಚಿಗೆ ಮೆತ್ತಿದ್ದ ಇದ್ದಿಲು ಉಜ್ಜಿದಳು. "ನನಗೆ ಒಂದು ದಿನ ಬೇಕು" ಎಂದಳು. ಅಷ್ಟೇ. ಯಾರೂ ನಿಟ್ಟುಸಿರು ಬಿಡಲಿಲ್ಲ, ಓರೆಗಣ್ಣಲ್ಲಿ ನೋಡಲಿಲ್ಲ. ಪಕ್ಕದವಳು ಅವಳ ಖಾಲಿ ಲೋಟಕ್ಕೆ ತನ್ನ ಲೋಟದಿಂದ ಅರ್ಧ ಟೀ ಬಗ್ಗಿಸಿದಳು. ಎಲ್ಲರೂ ಮಣೆಗೆ ಹೋದರು.

ಆ ಸಂಜೆ ಮನೆಯಲ್ಲಿ ಕೂತು ನಾನೊಂದು ಉಪಾಯ ಹೂಡಿದೆ. ಹಿರಿಯಮ್ಮನನ್ನು ಉಳಿಸಬೇಕು, ಹತ್ತು ಜನರ ಖಾಯಂ ಕೆಲಸವೂ ಉಳಿಯಬೇಕು. ಫಾರಂನ ಷರಾ ಎಂಬ ಅಂಕಣದಲ್ಲಿ ಹೀಗೆ ಬರೆದೆ: ಈಕೆ ನಿಧಾನವಾದರೂ ಹಿಟ್ಟಿನ ಹದ ನೋಡುವುದರಲ್ಲಿ ನುರಿತವರು, ಇವರಿಲ್ಲದೆ ಮಾಲಿನ ಗುಣಮಟ್ಟ ಉಳಿಯುವುದಿಲ್ಲ. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೆಳಿಗ್ಗೆ ಹೋದವಳೇ ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದೆ.

ಹಿರಿಯಮ್ಮ ಬಾಯ್ತುಂಬ ನಕ್ಕರು. "ಅಯ್ಯೋ, ಅದ ನೋಡೋಳು ಅಗೋ ಅಲ್ಲಿ ಕುಂತವ್ಳೆ, ಮೂರ್ನೇ ಮಣೆಯೋಳು. ನಂಗೆ ಅದ ಎಲ್ ಗೊತ್ತಾದದು? ಮೂಗೇ ಕಟ್ಟೋಗದೆ."

"ಇರಲಿ ಅಮ್ಮ, ಬರೆದರೆ ನಷ್ಟ ಏನು?" ಎಂದೆ. ಮುಜುಗರವಾಗಿತ್ತು. "ಕಲಿಸಿದವರು ಅಂತಾದ್ರೂ ಬರೀತೀನಿ. ಇಲ್ಲಿರೋ ಅರ್ಧ ಜನಕ್ಕೆ ನೀವೇ ಕಲಿಸಿದ್ದಲ್ವಾ?"

ಲೀಡ್ರಮ್ಮ ನನ್ನ ಕೈಯಿಂದ ಫಾರಂ ತೆಗೆದುಕೊಂಡು ಆ ಅಂಕಣವನ್ನು ಓದಿ ವಾಪಸು ಕೊಟ್ಟರು. "ಕಲಿಸಿದ್ದಕ್ಕೆ ಅಲ್ಲ ಮೇಡಮ್ನೋರೆ. ಕಲಿಸದೇ ಇದ್ದಿದ್ರೂ ಇಷ್ಟೇಯ. ಉಪಯೋಗ ಇದ್ರೆ ಮಾತ್ರ ಇರ್ಬೇಕಾ ಮನುಷ್ಯರು? ಮಠದಲ್ಲಿ ಪಂಕ್ತಿಗೆ ಕೂತ್ರೆ ನೀ ಎಷ್ಟು ದುಡಿದೆ ಅಂತ ಕೇಳಿ ಬಡಿಸ್ತಾರಾ?"

ಇಪ್ಪತ್ತು ವರ್ಷದ ಓದು, ಕಸುಬು ಎಲ್ಲ ನನಗೆ ಒಂದೇ ದಾರಿ ಕಲಿಸಿತ್ತು: ಒಬ್ಬರನ್ನು ಉಳಿಸಬೇಕಾದರೆ ಅವರಿಂದ ಏನೋ ಲಾಭ ಇದೆಯೆಂದು ತೋರಿಸಬೇಕು. ಲಾಭವಿಲ್ಲದಿದ್ದರೆ ಸುಳ್ಳಾದರೂ ಹೇಳಿ ತೋರಿಸಬೇಕು. ಈ ಹೆಂಗಸರಿಗೆ ಆ ಸುಳ್ಳೂ ಬೇಡವಾಗಿತ್ತು, ಆ ಕಾರಣವೂ ಬೇಡವಾಗಿತ್ತು.

ಅಷ್ಟರಲ್ಲಿ ಚುರುಕು ಕೈಯವಳು ಬಂದಳು. ಚಪ್ಪಲಿ ಬಿಟ್ಟು ತನ್ನ ಮಣೆಯ ಬಳಿ ಹೋಗಿ ನಿಂತಳು, ಕೂರಲಿಲ್ಲ. ಎಲ್ಲರ ಕೈ ನಿಂತಿತು.

"ನಿನ್ನೆ ಸಂಜೆ ಅಮ್ಮ ನಮ್ಮ ಮನೆಗೆ ಬಂದಿದ್ರು" ಎಂದು ಹಿರಿಯಮ್ಮನ ಕಡೆ ನೋಡಿದಳು. "ಮಗು ಮುಖ ನೋಡು, ಫ್ಯಾಕ್ಟರಿಗೆ ಹೋಗು, ನಾನೇನೂ ಅಂದ್ಕೊಳಲ್ಲ ಅಂತ ಹೇಳಿ ಹೋದ್ರು. ಮನೆಯೋರೂ ಹೋಗು ಅಂದ್ರು. ಹೋಗೋದು ಅಂತಾನೇ ಮನಸ್ಸು ಮಾಡಿದ್ದೆ ಕಣ್ರೀ, ಸುಳ್ಳು ಹೇಳಲ್ಲ. ಬೆಳಿಗ್ಗೆ ಎದ್ದು ಯೋಚನೆ ಮಾಡ್ದೆ. ನೀವ್ಯಾರಾದ್ರೂ ಬೇಡ ಅಂದಿದ್ರೆ, ಜಗಳ ಆಡಿದ್ರೆ, ಹೋಗ್ಬುಡ್ತಿದ್ದೆ. ಯಾರೂ ಏನೂ ಅನ್ಲಿಲ್ಲ. ಅಮ್ಮ ಹೋಗು ಅಂದ್ರು. ಹೋಗು ಅಂದ್ಬುಟ್ರಲ್ಲ, ಅದಕ್ಕೇ ಹೋಗಕ್ಕಾಗ್ಲಿಲ್ಲ."

ಹಾಗೆಂದು ಕೂತು, ಉಂಡೆ ಚಿವುಟಿದಳು.

ಹಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ತಲೆ ಕೆಟ್ಟೋಳು" ಎಂದರು. ಮುಖಕ್ಕೆ ಇದ್ದಿಲು ಮೆತ್ತಿಕೊಂಡಿತು, ಯಾರೋ ನಕ್ಕರು, ಉಳಿದವರೂ ಒಬ್ಬೊಬ್ಬರಾಗಿ ಹೂಂ ಎಂದರು, ಮಣೆಗಳ ಸದ್ದು ಮತ್ತೆ ಶುರುವಾಯಿತು. ನಾನು ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದೆ. ಬೆರಗು ಎಂಬ ಮಾತನ್ನು ನಾವು ಬೆಟ್ಟಕ್ಕೆ, ಅರಮನೆಯ ದೀಪಕ್ಕೆ ಖರ್ಚು ಮಾಡಿಬಿಡುತ್ತೇವೆ. ಆವತ್ತು ನನಗೆ ಅದರ ಅರ್ಥ ತಿಳಿಯಿತು. ಕೂಗಿಲ್ಲ, ಬಾವುಟವಿಲ್ಲ, ಯಾರ ಕೈಯನ್ನೂ ಯಾರೂ ತಿರುಚಲಿಲ್ಲ. ಅಪ್ಪ ಗೇಟಿನ ಬಳಿ ನಿಂತು ಕೂಗಿ ಕೇಳಿದ್ದನ್ನು ಇವರು ಟೀ ಕುಡಿಯುತ್ತಾ ಮಾಡಿ ಮುಗಿಸಿದ್ದರು.

ಆದರೆ ನನ್ನ ಪುಸ್ತಕದ ಹಿಂಪುಟದಲ್ಲಿ ಮೂರನೆಯ ದಿನದ ಲೆಕ್ಕ ಇತ್ತು. ನೂರಾ ಮೂವತ್ತೆಂಟರಿಂದ ನಲವತ್ತನಾಲ್ಕರವರೆಗೆ ಹದಿನಾಲ್ಕು ಸಂಖ್ಯೆ, ಎಲ್ಲವೂ ನಿಜ. ಅದನ್ನು ಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಮುಚ್ಚಿಟ್ಟು 'ಅಳತೆ ಸಿಗಲಿಲ್ಲ' ಎಂದರೆ ಸುಳ್ಳಾಗುತ್ತಿತ್ತು. ಉಳಿದ ದಿನಗಳಲ್ಲಿ ನಾನು ಒಟ್ಟು ಲೆಕ್ಕ ಮಾತ್ರ ಹಿಡಿದೆ. ಒಂದು ವಿಷಯ ಕಂಡಿತು. ಇಬ್ಬರು ಬಾರದ ದಿನವೂ ಶೆಡ್ಡಿನ ಒಟ್ಟು ಮಾಲು ಹೆಚ್ಚು ಇಳಿಯುತ್ತಿರಲಿಲ್ಲ, ಉಳಿದವರು ಹೇಳಿಸಿಕೊಳ್ಳದೆ ತುಂಬುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಒಬ್ಬರು ಬಾರದಿದ್ದರೆ ಅವರ ಯಂತ್ರ ಖಾಲಿ, ಪಕ್ಕದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ಬರೆದೆ. ಹದಿನಾಲ್ಕು ಸಾಲಿನ ಅಂಕಣಗಳನ್ನು ಖಾಲಿ ಬಿಟ್ಟು ಕೆಳಗೆ ಸೇರಿಸಿದೆ: ಈ ಶೆಡ್ಡಿನಲ್ಲಿ ಕೆಲಸ ಮಾಡುವುದು ಹದಿನಾಲ್ಕು ಜನರ ಒಂದು ಗುಂಪು, ಒಬ್ಬೊಬ್ಬರ ಲೆಕ್ಕ ನನ್ನ ಬಳಿ ಒಂದು ದಿನದ್ದಿದೆ, ಅದನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮ್ಯಾನೇಜರು ಎರಡು ಸಲ ಓದಿದರು.

"ಇದೇನಮ್ಮ, ಇದು ಕಂಪನಿ ಕಣಮ್ಮ, ಮಠ ಅಲ್ಲ! ಲೆಕ್ಕ ಇದೆ ಅಂತೀರಿ, ಕೊಡಲ್ಲ ಅಂತೀರಿ. ಇಲ್ಲ ಅಂತ ಒಂದು ಸುಳ್ಳು ಹೇಳಿದ್ರೆ ನಾನಾದ್ರೂ ಸುಮ್ನಾಗ್ತಿದ್ದೆ."

"ಅಲ್ಲಿ ಸುಳ್ಳು ಹೇಳೋ ಅಭ್ಯಾಸ ಇಲ್ಲ ಸಾರ್. ಒಂದು ಸಲ ಹೇಳಿದ್ರು, ತೊಂಬತ್ತಾರಕ್ಕೆ ಸಿಕ್ಕಿಬಿದ್ರು."

"ಭಯ ಇಲ್ವಾ ನಿಮಗೆ?"

"ಇದೆ ಸಾರ್" ಎಂದೆ. ನಿಜಕ್ಕೂ ಇತ್ತು.

ನನಗೆ ಒಂದು ಮೆಮೋ ಬಂತು. ಮೂರು ದಿನದ ನಂತರ ಮ್ಯಾನೇಜರು ತಾವೇ ಕೆಸರೆಗೆ ಹೊರಟರು, ನನ್ನನ್ನೂ ಕರೆದುಕೊಂಡರು. ಶೆಡ್ಡಿನ ನಡುವೆ ನಿಂತು ಖಾಯಂ ಕೆಲಸದ ಅನುಕೂಲಗಳನ್ನೆಲ್ಲ ವಿವರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಬರೋಕೆ ಇಷ್ಟ ಇರೋರು ಕೈ ಎತ್ತಿ. ಹತ್ತು ಜನ. ಅಳತೆ ಗಿಳತೆ ಏನೂ ಬೇಡ."

ಬುದ್ಧನ ಪಟದ ಕೆಳಗೆ ಒಂದು ಹಲ್ಲಿ ಓಡಾಡಿತು. ಒಂದು ಕೈಯೂ ಮೇಲೇಳಲಿಲ್ಲ. ಮ್ಯಾನೇಜರನ್ನು ಅವಮಾನಿಸುವ ಹಾಗೆ ಯಾರೂ ಮುಖ ತಿರುಗಿಸಲೂ ಇಲ್ಲ. ಲೀಡ್ರಮ್ಮ ಒಂದು ಸ್ಟೂಲು ಒರೆಸಿ ಹಾಕಿದರು. "ಬಿಸಿಲಲ್ಲಿ ಬಂದಿದೀರ. ಕೂತ್ಕೊಳ್ಳಿ ಸಾರ್, ಟೀ ಆಗದೆ."

ಅವರು ಕೂತರು. ಕುಡಿದರು. ಲೋಟ ಕೆಳಗಿಟ್ಟು ಬಹಳ ಹೊತ್ತು ಹಿರಿಯಮ್ಮನ ಕೈ ನೋಡುತ್ತಿದ್ದರು. ವಾಪಸು ಬರುವಾಗ ಕಾರಿನಲ್ಲಿ, "ನನ್ನ ಸರ್ವೀಸಲ್ಲಿ ಖಾಯಂ ಕೆಲಸ ಬೇಡ ಅಂದೋರ್ನ ನೋಡಿರ್ಲಿಲ್ಲ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಹತ್ತು ಜನರ ಕೆಲಸ ಶೆಡ್ಡಿಗೇ ಕೊಡೋಣ. ಒಂದು ವರ್ಷಕ್ಕೆ. ಕಾರ್ಡು ಗೀರ್ಡು ಕೇಳ್ಬೇಡಿ, ನನ್ನ ಕೈಲಿಲ್ಲ" ಎಂದರು.

ಅಗ್ರಹಾರದ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಜಗಲಿಯ ಮೇಲೆ ಕೂತು ಕೇಳಿಸಿಕೊಂಡರು.

"ಗಲಾಟೆ ಆಯ್ತಾ?"

"ಇಲ್ಲಪ್ಪ."

"ಧಿಕ್ಕಾರ ಗಿಕ್ಕಾರ?"

"ಅದೂ ಇಲ್ಲ. ಮ್ಯಾನೇಜರಿಗೆ ಟೀ ಕೊಟ್ರು."

ಅಪ್ಪ ಬೀದಿಯ ಕಡೆ ನೋಡುತ್ತಾ ಕೂತರು. "ನಮಗೆ ಯಾಕೆ ತೋಚಲಿಲ್ಲ" ಎಂದರು. ಅದು ನನ್ನನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಹತ್ತು ಜನರ ಕೆಲಸವನ್ನು ಹದಿನಾಲ್ಕು ಜನ ಹಂಚಿಕೊಂಡರೆ ಪ್ರತಿಯೊಬ್ಬರ ಮನೆಯ ಒಲೆಯಲ್ಲೂ ಅದು ಗೊತ್ತಾಗುತ್ತದೆ. ಆ ಮಗುವಿಗೆ ಇ.ಎಸ್.ಐ. ಕಾರ್ಡು ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಉಬ್ಬಸ ಬಂದ ದಿನ ತಾಯಿ ಮನೆಯಲ್ಲಿರಬಹುದು, ಅವಳ ಸರದಿಗೆ ಬೇರೆಯವರು ಕೂರುತ್ತಾರೆ, ಅದೂ ಪೂರ್ತಿ ಕೆಲಸವೆಂದೇ ಲೆಕ್ಕ ಎಂದು ಶೆಡ್ಡಿನಲ್ಲಿ ತೀರ್ಮಾನವಾಯಿತು. ಅವರ ಕೈಲಾದದ್ದು ಅಷ್ಟು. ಲೋಕದ ನಡೆ ಬದಲಾಗಲಿಲ್ಲ, ನಮ್ಮ ಕಂಪನಿ ಕಂಪನಿಯಾಗಿಯೇ ಇದೆ. ಅದರ ಪಕ್ಕದಲ್ಲೇ, ಅದರ ಆರ್ಡರಿನ ಮೇಲೇ ಬದುಕಿಕೊಂಡು, ಈ ಹದಿನಾಲ್ಕು ಜನ ಅದರ ಲೆಕ್ಕವನ್ನು ಒಳಗೆ ಬಿಟ್ಟುಕೊಳ್ಳದೆ ಕೂತಿದ್ದರು. ಅಂಥ ಬಾಳು ಪುಸ್ತಕದಲ್ಲಿ ಮಾತ್ರ ಸಾಧ್ಯ ಎಂದುಕೊಂಡಿದ್ದ ನನಗೆ ಅಷ್ಟೇ ಸಾಕಾಯಿತು.

ಒಪ್ಪಂದದ ಕಾಗದ ತೆಗೆದುಕೊಂಡು ಹೋದವಳು ನಾನೇ. ಅದರಲ್ಲಿ ಹತ್ತು ಜನರ ಸಹಿಗೆ ಹತ್ತು ಗೆರೆ ಇತ್ತು. ಲೀಡ್ರಮ್ಮ ಸ್ಕೇಲು ತಂದುಕೊಟ್ಟರು, ನಾನು ಕೆಳಗೆ ಇನ್ನೂ ನಾಲ್ಕು ಗೆರೆ ಎಳೆದೆ. ಇಂಕಿನ ಡಬ್ಬಿ ಬಾಗಿಲ ಬಳಿಗೆ ಮೊದಲು ಹೋಯಿತು. ಹಿರಿಯಮ್ಮನ ಹೆಬ್ಬೆರಳು ಬಾಗದು. ನಾನು ಹಿಡಿದು, ನಡುವಿನ ಯಾವುದೋ ಗೆರೆಯ ಮೇಲೆ ಒತ್ತಿಸಿದೆ. ಕಾಗದದ ಮೇಲೆ ಬಂದದ್ದು ಒಂದು ಕಪ್ಪು ಮಚ್ಚೆ, ಅಷ್ಟೇ. ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬತ್ತಿ ಉರುಳಿಸಿದ ಬೆರಳಿನಲ್ಲಿ ಗೆರೆಗಳೆಲ್ಲ ಸವೆದು ಹೋಗಿದ್ದವು.

"ಆಧಾರ್ ಮಿಷನ್ನೂ ನನ್ನ ಇಡಿಯಾಕಿಲ್ಲ ಕಣಮ್ಮ" ಎಂದು ನಕ್ಕರು. "ನಾನು ಇಲ್ವೇ ಇಲ್ವಂತೆ ಅದ್ರ ಲೆಕ್ಕದಲ್ಲಿ."

ಆಮೇಲೆ ಲೀಡ್ರಮ್ಮ, ಆಮೇಲೆ ಚುರುಕು ಕೈಯವಳು. ಪೆನ್ನು ನನ್ನ ಕೈಯಲ್ಲೇ ಇತ್ತು. ಸಹಿ ಬರುವ ಹನ್ನೊಂದು ಜನರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಒಬ್ಬೊಬ್ಬರಾಗಿ ಕಣ್ಣಿಗೆ ಬಿದ್ದ ಗೆರೆಯ ಮೇಲೆ ಹೆಬ್ಬೆರಳು ಒತ್ತಿ, ಸೆರಗಿಗೆ ಒರೆಸಿಕೊಂಡು, ಮಣೆಗೆ ಹೋದರು.

ಆಫೀಸಿಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಕಾಗದ ಬಿಡಿಸಿ ನೋಡಿದೆ. ಹೆಸರು ಬರೆಯುವುದನ್ನು ನಾನು ಮರೆತೇಬಿಟ್ಟಿದ್ದೆ. ಹದಿನಾಲ್ಕು ಗೆರೆ, ಹದಿನಾಲ್ಕು ಕಪ್ಪು ಮಚ್ಚೆ, ಎಲ್ಲವೂ ಸವೆದ ಬೆರಳಿನವು. ನೂರಾ ಮೂವತ್ತೆಂಟು ಯಾರು, ನಲವತ್ತನಾಲ್ಕು ಯಾರು ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ. ನನಗೆ ಗೊತ್ತಾಗಲಿಲ್ಲ.